ಸಂವಿಧಾನ ಸಭೆಯ ಮಾತು ಉಲ್ಲೇಖಿಸುವಾಗ ಫಲಿತಾಂಶವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಸಂವಿಧಾನ ದಿನವಾದ ನವೆಂಬರ್ 26 ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಸಂವಿಧಾನ ರಚನಾ ಸಭೆಯ ಮಾತುಗಳು ಧಾರಾಳವಾಗಿ ಕಾಣಿಸಿಕೊಳ್ಳುತ್ತವೆ. ಅಂಕಣಕಾರರು, ರಾಜಕಾರಣಿಗಳು, ಓದುಗರು ತಮ್ಮ ವಾದಕ್ಕೆ ಹೊಂದುವ ಒಂದೊಂದು ಸಾಲನ್ನು ಎತ್ತಿಕೊಂಡು ‘ಸಂವಿಧಾನ ಸಭೆಯಲ್ಲೇ ಹೀಗೆ ಹೇಳಿದ್ದಾರೆ’ ಎಂದು ಮುಗಿಸಿಬಿಡುತ್ತಾರೆ. ಹೇಳಿದ್ದು ಬಹುತೇಕ ನಿಜವೇ ಆಗಿರುತ್ತದೆ. ಆದರೆ ಹಾಗೆ ಹೇಳಿದವರ ತಿದ್ದುಪಡಿ ಗೆದ್ದಿತೇ ಬಿದ್ದಿತೇ, ಅದಕ್ಕೆ ಯಾರು ಏನು ಉತ್ತರ ಕೊಟ್ಟರು, ಕೊನೆಗೆ ವಿಧಿಯಲ್ಲಿ ಏನು ಉಳಿಯಿತು ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಸೋತ ವಾದವೇ ಸಂವಿಧಾನದ ಆಶಯವೆಂಬಂತೆ ಅಚ್ಚಾಗುತ್ತದೆ.

ಆದ್ದರಿಂದ ನನ್ನದೊಂದು ವಿನಂತಿ. ಸಂವಿಧಾನ ಸಭೆಯ ಯಾವುದೇ ಮಾತನ್ನು ಪ್ರಕಟಿಸುವಾಗ ಮೂರು ವಿವರಗಳನ್ನು ಕಡ್ಡಾಯ ಮಾಡಿ: ಆಡಿದ ದಿನಾಂಕ, ಕರಡಿನಲ್ಲಿದ್ದ ವಿಧಿಯ ಸಂಖ್ಯೆ, ಆ ಪ್ರಸ್ತಾಪದ ಫಲಿತಾಂಶ. ಇದು ಪಂಡಿತರ ಹಟವಲ್ಲ. ನಮ್ಮ ಸಂವಿಧಾನದ ಮುಖ್ಯ ವಿಧಿಗಳಲ್ಲಿ ಹೆಚ್ಚಿನವು ರಾಜಿಯಿಂದ ಹುಟ್ಟಿದವು. ರಾಜಿ ಎಂದರೆ ತಲೆತಗ್ಗಿಸುವ ಸಂಗತಿಯೇನಲ್ಲ. ಆದರೆ ಆ ರಾಜಿಗಳೆಲ್ಲ ಒಂದೇ ಬಗೆಯವೂ ಅಲ್ಲ. ಕೆಲವನ್ನು ಬರೆದಿಟ್ಟ ಕ್ರಮದ ಮೇಲೆ, ಗಡುವಿನ ಮೇಲೆ ನಿಲ್ಲಿಸಿದರು. ಇನ್ನು ಕೆಲವನ್ನು ಮುಂದೆ ಅಧಿಕಾರಕ್ಕೆ ಬರುವವರ ಸಜ್ಜನಿಕೆಯನ್ನು ನಂಬಿ ಬಿಟ್ಟರು. ಇಷ್ಟು ವರ್ಷಗಳಲ್ಲಿ ದೇಶಕ್ಕೆ ಹೆಚ್ಚು ಕಷ್ಟ ಕೊಟ್ಟದ್ದು ಎರಡನೆಯ ಬಗೆ. ಯಾವುದು ಯಾವ ಬಗೆಯದು ಎಂದು ತಿಳಿಯಬೇಕಾದರೆ ಇಡೀ ಚರ್ಚೆಯನ್ನು ನೋಡಬೇಕು, ಒಂದು ಸಾಲನ್ನಲ್ಲ.

ಒಂದು ವಿಧಿ ರೂಪುಗೊಳ್ಳುತ್ತಿದ್ದ ಕ್ರಮವನ್ನು ಮೊದಲು ಹೇಳುತ್ತೇನೆ. ಪ್ರಾಂತೀಯ ಶಾಸನಸಭೆಗಳು ಹತ್ತು ಲಕ್ಷ ಜನರಿಗೆ ಒಬ್ಬರಂತೆ ಆರಿಸಿ ಕಳಿಸಿದ ಸಭೆ ಮೊದಲ ಬಾರಿ ಸೇರಿದ್ದು 1946ರ ಡಿಸೆಂಬರ್ 9ರಂದು. ಸಂಸ್ಥಾನಗಳಿಗೂ ಸೇರಿ 389 ಸ್ಥಾನಗಳಿದ್ದದ್ದು ದೇಶ ವಿಭಜನೆಯಾದ ಮೇಲೆ 299ಕ್ಕೆ ಇಳಿಯಿತು. 1947ರಲ್ಲಿ ಬಹುಪಾಲು ಕೆಲಸ ನಡೆದದ್ದು ಸಮಿತಿಗಳಲ್ಲಿ. ಕೇಂದ್ರದ ಅಧಿಕಾರ ಮತ್ತು ಕೇಂದ್ರ ಸಂವಿಧಾನದ ಸಮಿತಿಗಳಿಗೆ ನೆಹರೂ ಅಧ್ಯಕ್ಷರು. ಪ್ರಾಂತೀಯ ಸಂವಿಧಾನ ಸಮಿತಿಗೂ ಮೂಲಭೂತ ಹಕ್ಕು ಮತ್ತು ಅಲ್ಪಸಂಖ್ಯಾತರ ಸಲಹಾ ಸಮಿತಿಗೂ ಪಟೇಲರು. ಈ ಸಮಿತಿಗಳ ವರದಿಯನ್ನು ಸಭೆ ಚರ್ಚಿಸಿ ತತ್ವವನ್ನು ಒಪ್ಪಿದ ನಂತರ ಸಾಂವಿಧಾನಿಕ ಸಲಹೆಗಾರ ಬಿ.ಎನ್. ರಾವ್ ಅವರು ಅದಕ್ಕೆ ಕಾನೂನಿನ ಭಾಷೆ ಕೊಟ್ಟರು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಭೆಯ ಸದಸ್ಯರಾಗಿರಲಿಲ್ಲ, ಮತ ಹಾಕುವ ಹಕ್ಕೂ ಇರಲಿಲ್ಲ. 1947ರ ಅಕ್ಟೋಬರ್‌ನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳು, 13 ಅನುಸೂಚಿಗಳು ಇದ್ದವು.

ಆ ಕರಡನ್ನು ಕೈಗೆತ್ತಿಕೊಂಡದ್ದು 1947ರ ಆಗಸ್ಟ್ 29ರಂದು ನೇಮಕವಾಗಿದ್ದ, ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಏಳು ಜನರ ಕರಡು ಸಮಿತಿ. 1948ರ ಫೆಬ್ರವರಿ 21ರಂದು ಅದು ಸಲ್ಲಿಸಿದ ಕರಡಿನಲ್ಲಿ 315 ವಿಧಿಗಳು, 8 ಅನುಸೂಚಿಗಳು. ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಪಡೆದ ಮೇಲೆ ನವೆಂಬರ್ 4ರಂದು ಅಂಬೇಡ್ಕರ್ ಅದನ್ನು ಸಭೆಗೆ ಮಂಡಿಸಿದರು. ನವೆಂಬರ್ 15ರಿಂದ ಮುಂದಿನ ವರ್ಷದ ಅಕ್ಟೋಬರ್ 17ರವರೆಗೆ ವಿಧಿವಿಧಿಯಾಗಿ ಚರ್ಚೆ ನಡೆಯಿತು. ಸೂಚನೆ ಕೊಟ್ಟ ತಿದ್ದುಪಡಿಗಳು 7,635. ಅವುಗಳಲ್ಲಿ ಮಂಡನೆಯಾದವು 2,473. ಕೊನೆಗೆ ಉಳಿದದ್ದು 395 ವಿಧಿಗಳು. ಇಷ್ಟನ್ನು ತಿಳಿದವರು ‘ಬೇರೆ ದೇಶಗಳಿಂದ ನಕಲು ಮಾಡಿದರು’ ಎಂದು ಸಲೀಸಾಗಿ ಹೇಳಲಾರರು.

ಕರಡು ಸಮಿತಿಯ ಬಗ್ಗೆಯೂ ಎರಡು ಅತಿರೇಕದ ಮಾತುಗಳು ಚಾಲ್ತಿಯಲ್ಲಿವೆ. ಎಲ್ಲವನ್ನೂ ಅಂಬೇಡ್ಕರ್ ಒಬ್ಬರೇ ಬರೆದರು ಎಂಬುದು ಒಂದು. ಅವರು ಬರೀ ಅಧ್ಯಕ್ಷರು, ಬರೆದವರು ಅಧಿಕಾರಿಗಳು ಎಂಬುದು ಇನ್ನೊಂದು. ಸಮಿತಿಯ ಸದಸ್ಯರೇ ಆಗಿದ್ದ ಟಿ.ಟಿ. ಕೃಷ್ಣಮಾಚಾರಿ 1948ರ ನವೆಂಬರ್ 5ರಂದು ಸಭೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು: ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಒಬ್ಬರು ರಾಜ್ಯಾಡಳಿತದಲ್ಲಿ ಮುಳುಗಿದ್ದರು, ಒಂದಿಬ್ಬರು ದೆಹಲಿಯಿಂದ ದೂರವಿದ್ದರು, ಭಾರವೆಲ್ಲ ಅಂಬೇಡ್ಕರರ ಮೇಲೆ ಬಿತ್ತು. ರಾಜೀನಾಮೆ ಕೊಟ್ಟ ಬಿ.ಎಲ್. ಮಿತ್ತರ್ ಅವರ ಜಾಗಕ್ಕೆ ಬಂದವರು ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್. ಅಂಬೇಡ್ಕರ್ ತಮ್ಮ 1949ರ ನವೆಂಬರ್ 25ರ ಭಾಷಣದಲ್ಲಿ ಬಿ.ಎನ್. ರಾವ್ ಅವರಿಗೂ ಮುಖ್ಯ ಕರಡುಕಾರ ಎಸ್.ಎನ್. ಮುಖರ್ಜಿಯವರಿಗೂ ಸಲ್ಲಬೇಕಾದ ಶ್ರೇಯವನ್ನು ಹೆಸರು ಹೇಳಿ ಸಲ್ಲಿಸಿದ್ದಾರೆ. ಕರಡಿನ ಪ್ರತಿ ಪದವನ್ನು ಸದನದಲ್ಲಿ ಸಮರ್ಥಿಸಿ, ಒಪ್ಪಬೇಕಾದ್ದನ್ನು ಒಪ್ಪಿ, ಬಿಡಬೇಕಾದ್ದನ್ನು ಬಿಟ್ಟು ದಡ ಸೇರಿಸುವುದು ಬರೆಯುವುದಕ್ಕಿಂತ ಕಷ್ಟದ ಕೆಲಸ. ಅದನ್ನು ಅವರಲ್ಲದೆ ಇನ್ನೊಬ್ಬರು ಮಾಡಲಿಲ್ಲ.

ಚರ್ಚೆ ಓದುವವರು ಮೊದಲು ಎಡವುವುದು ಸಂಖ್ಯೆಯಲ್ಲಿ. ಈಗಿನ ವಿಧಿಸಂಖ್ಯೆಗಳು ಬಂದದ್ದು ಕಟ್ಟಕಡೆಗೆ, 1949ರ ನವೆಂಬರ್‌ನಲ್ಲಿ ಎಲ್ಲವನ್ನೂ ಮರುಜೋಡಿಸಿದಾಗ. ಅದಕ್ಕೂ ಹಿಂದಿನ ಚರ್ಚೆಯೆಲ್ಲ ಕರಡಿನ ಸಂಖ್ಯೆಯಲ್ಲಿದೆ. ಈಗಿನ 15ನೇ ವಿಧಿ ಧರ್ಮ, ಜಾತಿ, ಲಿಂಗದ ತಾರತಮ್ಯವನ್ನು ನಿಷೇಧಿಸುತ್ತದೆ. 1948ರ ಡಿಸೆಂಬರ್‌ನ ಚರ್ಚೆಯಲ್ಲಿ ‘15ನೇ ವಿಧಿ’ ಎಂದು ಹುಡುಕಿದರೆ ಸಿಗುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ವಿಧಿ, ಅಂದರೆ ಈಗಿನ 21. ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶದ 16 ಆಗ 10. ಪಂಚಾಯಿತಿಯ 40 ಆಗ 31ಎ. ಏಕರೂಪ ನಾಗರಿಕ ಸಂಹಿತೆಯ 44 ಆಗ 35. ರಾಜ್ಯಪಾಲರ ನೇಮಕದ 155 ಆಗ 131. ರಾಷ್ಟ್ರಪತಿ ಆಳ್ವಿಕೆಯ 356 ಆಗ 278. ಒಂದು ವಿಧಿಯ ಬಗ್ಗೆ ಆಡಿದ ಮಾತನ್ನು ಇನ್ನೊಂದಕ್ಕೆ ಅಂಟಿಸಿದ ಬರಹಗಳು ಹುಟ್ಟುವುದು ಇಲ್ಲಿಂದಲೇ. ಎಡಬದಿಯಲ್ಲಿ ಕರಡಿನ ಸಂಖ್ಯೆ, ಬಲಬದಿಯಲ್ಲಿ ಈಗಿನ ಸಂಖ್ಯೆ ಇರುವ ಒಂದು ಪಟ್ಟಿ ಪ್ರತಿ ಸಂಪಾದಕೀಯ ಕಚೇರಿಯಲ್ಲಿ ಇರಬೇಕು.

ಎರಡನೆಯದು, ಹನ್ನೆರಡು ಸಂಪುಟಗಳ ಚರ್ಚೆಯಲ್ಲಿ ಎಲ್ಲವೂ ಇಲ್ಲ. ಸಭೆಯಲ್ಲಿ ಕಾಂಗ್ರೆಸ್ಸಿನದೇ ಭಾರಿ ಬಹುಮತವಿತ್ತು. ಬಿಕ್ಕಟ್ಟಿನ ವಿಷಯಗಳನ್ನು ಪಕ್ಷದ ಸಭೆಯಲ್ಲಿ ಮೊದಲು ಜಗಳವಾಡಿ ತೀರ್ಮಾನಿಸಿ, ಆಮೇಲೆ ಸದನಕ್ಕೆ ತರುತ್ತಿದ್ದರು. ಆ ಜಗಳಗಳು ಸದನದ ವರದಿಯಲ್ಲಿ ಸಿಗುವುದಿಲ್ಲ. ನಿನ್ನೆಯವರೆಗೆ ಒಂದು ಪಕ್ಷ ವಹಿಸಿದ್ದವರು ಇಂದು ಇನ್ನೊಂದನ್ನು ಮಂಡಿಸುವುದು ಕಂಡರೆ, ನಡುವೆ ಎಲ್ಲೋ ಮಾತುಕತೆಯಾಗಿದೆ ಎಂದು ತಿಳಿಯಬೇಕು. ಸಮಿತಿಗಳ ಕಾಗದಪತ್ರಗಳನ್ನು ಬಿ.ಎನ್. ರಾವ್ ಅವರ ತಮ್ಮ, ಸಭೆಯ ಸದಸ್ಯರೂ ಆಗಿದ್ದ ಬಿ. ಶಿವರಾವ್ ಸಂಪಾದಿಸಿ ಸಂಪುಟಗಳಾಗಿ ಕೊಟ್ಟಿದ್ದಾರೆ. ಸದನದ ವರದಿಯ ಪಕ್ಕದಲ್ಲಿ ಅವನ್ನೂ ಇಟ್ಟುಕೊಂಡು ಓದಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ.

ಈಗ ಕರಡಿನ ಆ 15ನೇ ವಿಧಿಯನ್ನೇ ಹತ್ತಿರದಿಂದ ನೋಡೋಣ. ಹಕ್ಕುಗಳ ಉಪಸಮಿತಿ ಮೊದಲು ಬಯಸಿದ್ದು ಅಮೆರಿಕದ ‘ಡ್ಯೂ ಪ್ರೊಸೆಸ್’, ಅಂದರೆ ನ್ಯಾಯೋಚಿತ ಕ್ರಮ ಎಂಬ ಪದ. ಹಾಗಿದ್ದರೆ ಶಾಸನಸಭೆ ಮಾಡಿದ ಕಾನೂನು ನ್ಯಾಯಯುತವೇ ಎಂದು ಕೂಡ ಕೋರ್ಟು ಪರಿಶೀಲಿಸಬಹುದಿತ್ತು. 1947ರ ಕೊನೆಯಲ್ಲಿ ಬಿ.ಎನ್. ರಾವ್ ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಈ ಅಧಿಕಾರ ಪ್ರಜಾಸತ್ತೆಗೆ ಒಗ್ಗದು, ನ್ಯಾಯಾಂಗಕ್ಕೂ ಹೊರಲಾರದ ಹೊರೆ ಎಂದು ಎಚ್ಚರಿಸಿದರು. ಕಾರ್ಮಿಕರ ಪರವಾದ ಕಾನೂನುಗಳನ್ನು ಅಲ್ಲಿನ ಕೋರ್ಟುಗಳು ಇದೇ ಪದ ಹಿಡಿದು ರದ್ದುಪಡಿಸಿದ ಇತಿಹಾಸ ಎಲ್ಲರ ಕಣ್ಣಮುಂದಿತ್ತು. ಭೂಸುಧಾರಣೆಗೆ ಸಜ್ಜಾಗುತ್ತಿದ್ದ ದೇಶಕ್ಕೆ ಇದು ಸಣ್ಣ ಭಯವಲ್ಲ. ಕರಡು ಸಮಿತಿ ಆ ಪದ ತೆಗೆದು ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಎಂದು ಹಾಕಿತು; 1946ರ ಜಪಾನ್ ಸಂವಿಧಾನದ 31ನೇ ವಿಧಿಯಿಂದ ಬಂದದ್ದು ಇದು. ‘ಸ್ವಾತಂತ್ರ್ಯ’ದ ಹಿಂದೆ ‘ವೈಯಕ್ತಿಕ’ ಎಂಬ ವಿಶೇಷಣವೂ ಸೇರಿತು.

1948ರ ಡಿಸೆಂಬರ್ 6ರಂದು ಸದನದಲ್ಲಿ ಇದಕ್ಕೆ ದೊಡ್ಡ ವಿರೋಧ ಬಂತು. ಕಾಜಿ ಸೈಯದ್ ಕರೀಮುದ್ದೀನ್ ‘ಡ್ಯೂ ಪ್ರೊಸೆಸ್’ ಮರಳಿ ತರುವ ತಿದ್ದುಪಡಿ ಮಂಡಿಸಿದರು. ಠಾಕೂರ್ ದಾಸ್ ಭಾರ್ಗವ ಬೆಂಬಲಿಸಿದರು. ಕರಡು ಸಮಿತಿಯವರೇ ಆದ ಕೆ.ಎಂ. ಮುನ್ಷಿ ಕೂಡ ಅದರ ಪರ ಮಾತಾಡಿದರು. ಅದೇ ಸಮಿತಿಯ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ವಿರುದ್ಧವಾಗಿದ್ದರು. ಡಿಸೆಂಬರ್ 13ರಂದು ಉತ್ತರಿಸಿದ ಅಂಬೇಡ್ಕರ್ ಎರಡೂ ಕಡೆಯ ಅಪಾಯವನ್ನು ಬಿಡಿಸಿ ಹೇಳಿದರು: ಪಕ್ಷದ ಬಹುಮತವಿರುವ ಶಾಸನಸಭೆ ಹಕ್ಕನ್ನು ತುಳಿಯಬಹುದು, ಐದಾರು ನ್ಯಾಯಾಧೀಶರು ಕುಳಿತು ತಮ್ಮ ಮನೋಧರ್ಮದಂತೆ ಕಾನೂನನ್ನು ಅಳೆಯಲೂಬಹುದು, ಆಯ್ಕೆ ಸದನಕ್ಕೆ ಬಿಟ್ಟದ್ದು. ತಿದ್ದುಪಡಿ ಬಿದ್ದುಹೋಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧ. ಒಂಬತ್ತು ತಿಂಗಳ ನಂತರ, 1949ರ ಸೆಪ್ಟೆಂಬರ್ 15ರಂದು, ಅಂಬೇಡ್ಕರ್ 15ಎ ಎಂಬ ಹೊಸ ವಿಧಿಯನ್ನು ತಂದರು. 15ನೇ ವಿಧಿಯಿಂದ ಸದನದೊಳಗೂ ಹೊರಗೂ ಬಹಳ ಜನ ಅಸಮಾಧಾನಗೊಂಡಿದ್ದಾರೆ, ಆಗ ಕಳೆದುಕೊಂಡದ್ದಕ್ಕೆ ಇದು ಪರಿಹಾರ ಎಂಬುದು ಅವರ ವಿವರಣೆ. ಅದೇ ಈಗಿನ 22ನೇ ವಿಧಿ. ಬಂಧಿಸಿದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇಷ್ಟು ಸ್ಪಷ್ಟವಾಗಿ ಬರೆದರು. ಆದರೆ ಅದೇ ವಿಧಿಯಲ್ಲಿ ಮುಂಜಾಗ್ರತಾ ಬಂಧನಕ್ಕೆ, ಅಂದರೆ ಅಪರಾಧ ನಡೆಯುವ ಮೊದಲೇ ಶಂಕೆಯ ಮೇಲೆ ಹಿಡಿದಿಡುವುದಕ್ಕೆ, ಈ ರಕ್ಷಣೆ ಇಲ್ಲವೆಂದೂ ಬರೆದರು. ಮೂರು ತಿಂಗಳು ಮೀರಿದರೆ ಮಾತ್ರ ಸಲಹಾ ಮಂಡಳಿಯ ಒಪ್ಪಿಗೆ ಬೇಕು, ಕೆಲವು ಬಗೆಯ ಪ್ರಕರಣಗಳಲ್ಲಿ ಸಂಸತ್ತು ಆ ಮಂಡಳಿಯನ್ನೂ ಬಿಡಬಹುದು.

ಪರಿಣಾಮ ಬೇಗನೆ ಕಂಡಿತು. 1950ರ ಫೆಬ್ರವರಿಯಲ್ಲೇ ಮುಂಜಾಗ್ರತಾ ಬಂಧನ ಕಾಯ್ದೆ ಬಂತು. ಮೇ ತಿಂಗಳಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು, ಕಾನೂನಿದ್ದರೆ ಸಾಕು, ಅದು ನ್ಯಾಯಯುತವೇ ಎಂದು ಕೇಳುವಂತಿಲ್ಲ ಎಂದಿತು. ಸಂವಿಧಾನ ಸಭೆ ‘ಡ್ಯೂ ಪ್ರೊಸೆಸ್’ ಅನ್ನು ಬೇಕೆಂದೇ ಬಿಟ್ಟಿತ್ತು ಎಂಬುದೂ ಅಲ್ಲಿ ಲೆಕ್ಕಕ್ಕೆ ಬಂತು. ಕಾರ್ಯವಿಧಾನ ನ್ಯಾಯಯುತ, ಸಮಂಜಸ ಆಗಿರಬೇಕು ಎಂದು ಕೋರ್ಟು ಹೇಳಲು 1978ರ ಜನವರಿಯ ಮನೇಕಾ ಗಾಂಧಿ ತೀರ್ಪಿನವರೆಗೆ ಕಾಯಬೇಕಾಯಿತು. ಅದೇ ವರ್ಷದ 44ನೇ ತಿದ್ದುಪಡಿ ಮೂರು ತಿಂಗಳನ್ನು ಎರಡಕ್ಕೆ ಇಳಿಸಿ ಸಲಹಾ ಮಂಡಳಿಯ ರಚನೆಯನ್ನು ಬಿಗಿಗೊಳಿಸಿತು. ಸಂಸತ್ತು ಒಪ್ಪಿದ ಆ ಭಾಗವನ್ನು ಜಾರಿಗೆ ತರುವ ಅಧಿಸೂಚನೆಯನ್ನು ಯಾವ ಸರ್ಕಾರವೂ ಹೊರಡಿಸಿಲ್ಲ. ಇದರ ಬಗ್ಗೆ ಪತ್ರಿಕೆಗಳು ಪ್ರತಿ ವರ್ಷ ಬರೆಯಬೇಕು.

ನಂಬಿಕೆಯ ಮೇಲೆ ನಿಂತ ರಾಜಿಗೆ ದೊಡ್ಡ ಉದಾಹರಣೆ ರಾಜ್ಯಪಾಲರದು. 1947ರ ಜುಲೈನಲ್ಲಿ ಪಟೇಲರ ಸಮಿತಿ ಸೂಚಿಸಿ ಸಭೆ ಒಪ್ಪಿದ್ದು ಜನರಿಂದ ನೇರವಾಗಿ ಆರಿಸಿಬರುವ ರಾಜ್ಯಪಾಲರನ್ನು. 1948ರ ಕರಡು ಎರಡು ದಾರಿ ಕೊಟ್ಟಿತು: ಒಂದೋ ನೇರ ಚುನಾವಣೆ, ಇಲ್ಲವೇ ಶಾಸಕರು ಆರಿಸಿದ ನಾಲ್ವರಲ್ಲಿ ಒಬ್ಬರನ್ನು ರಾಷ್ಟ್ರಪತಿ ನೇಮಿಸುವುದು. 1949ರ ಮೇ 30 ಮತ್ತು 31ರಂದು ಎರಡನ್ನೂ ಬಿಟ್ಟು, ಬ್ರಜೇಶ್ವರ ಪ್ರಸಾದರ ತಿದ್ದುಪಡಿಯಂತೆ, ರಾಷ್ಟ್ರಪತಿಯ ನೇರ ನೇಮಕವನ್ನು ಒಪ್ಪಿದರು. ವಾದಗಳು ಗಟ್ಟಿಯಾಗಿಯೇ ಇದ್ದವು. ಇಡೀ ಪ್ರಾಂತ್ಯದ ಮತ ಪಡೆದು ಬಂದ ರಾಜ್ಯಪಾಲ ಒಂದು ಕ್ಷೇತ್ರದಿಂದ ಬಂದ ಮುಖ್ಯಮಂತ್ರಿಗೆ ಎದುರಾಳಿಯಾಗುತ್ತಾನೆ. ಸ್ವಂತ ಅಧಿಕಾರವೇ ಇಲ್ಲದ ಹುದ್ದೆಗೆ ಅಷ್ಟು ಖರ್ಚಿನ ಚುನಾವಣೆ ಯಾಕೆ ಎಂದು ಅಂಬೇಡ್ಕರ್ ಕೇಳಿದರು. ಪ್ರತ್ಯೇಕತೆಯ ಪ್ರವೃತ್ತಿಗೆ ಚುನಾವಣೆ ಇಂಬು ಕೊಡುತ್ತದೆ, ರಾಜಕೀಯದಿಂದ ದೂರವಿರುವ ಹೊರಗಿನ ಗಣ್ಯರು ಉತ್ತಮ ಎಂದು ನೆಹರೂ ಹೇಳಿದರು. ಪ್ರಾಂತ್ಯದ ಮಂತ್ರಿಮಂಡಲವನ್ನು ಕೇಳಿಯೇ ನೇಮಿಸುವ ಸಂಪ್ರದಾಯ ಬೆಳೆಯುತ್ತದೆ ಎಂಬ ಭರವಸೆ ಅಲ್ಲಾಡಿಯವರದು.

ಈ ಭರವಸೆ, ಈ ‘ರಾಜಕೀಯದಿಂದ ದೂರವಿರುವ ಗಣ್ಯರು’ ಎಂಬುದು ವಿಧಿಯೊಳಗೆ ಎಲ್ಲಿದೆ? ಎಲ್ಲೂ ಇಲ್ಲ. ವಿಧಿಯಲ್ಲಿರುವ ಅರ್ಹತೆ ಎರಡೇ: ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು. ರಾಜ್ಯಪಾಲರು ಮಂತ್ರಿಮಂಡಲ ರಚಿಸುವಾಗ, ಅಧಿಕಾರ ಚಲಾಯಿಸುವಾಗ ಅನುಸರಿಸಬೇಕಾದ ಸೂಚನೆಗಳ ಒಂದು ಅನುಸೂಚಿಯೇ ಕರಡಿನಲ್ಲಿತ್ತು. 1949ರ ಅಕ್ಟೋಬರ್‌ನಲ್ಲಿ, ಸಂಪ್ರದಾಯವೇ ಸಾಕು ಎಂದು ಅದನ್ನೂ ಕೈಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಇಡೀ ಮೂರು ವರ್ಷಗಳ ಕೆಲಸದಲ್ಲಿ ಅತ್ಯಂತ ದುಬಾರಿಯಾದ ನಿರ್ಧಾರ ಇದು. ನೇಮಕದ ಪದ್ಧತಿಗೆ ಕಾರಣಗಳಿದ್ದವು. ಬರೆದಿಟ್ಟಿದ್ದ ಸೂಚನೆಗಳನ್ನು ಅಳಿಸಲು ಅಂಥ ಒತ್ತಡ ಏನೂ ಇರಲಿಲ್ಲ.

ಮಸೂದೆಗಳ ಅಂಕಿತದ ವಿಷಯವೂ ಹಾಗೇ ಆಯಿತು. ರಾಷ್ಟ್ರಪತಿ ಮಸೂದೆಯನ್ನು ಹಿಂದಿರುಗಿಸುವುದಾದರೆ ಆರು ವಾರ ಮೀರಬಾರದು ಎಂದು ಕರಡಿನ 91ನೇ ವಿಧಿಯಲ್ಲಿತ್ತು. 1949ರ ಮೇ ತಿಂಗಳಲ್ಲಿ ಅದನ್ನು ತೆಗೆದು ‘ಸಾಧ್ಯವಾದಷ್ಟು ಬೇಗ’ ಎಂದು ಹಾಕಿದರು. ಎಚ್.ವಿ. ಕಾಮತ್ ಎದ್ದು ನಿಂತು, ಈ ಪದಕ್ಕೆ ಅಳತೆಯಿಲ್ಲ, ಆರು ವಾರ ಇರಲಿ ಎಂದರು. ಅವರ ಮಾತು ನಡೆಯಲಿಲ್ಲ. ರಾಜ್ಯಪಾಲರ 200ನೇ ವಿಧಿಯಲ್ಲೂ ಇರುವುದು ‘ಸಾಧ್ಯವಾದಷ್ಟು ಬೇಗ’. 2025ರ ಏಪ್ರಿಲ್‌ನಲ್ಲಿ, ರಾಜ್ಯಪಾಲರು ಮಸೂದೆಗಳನ್ನು ತಡೆಹಿಡಿದಿದ್ದ ತಮಿಳುನಾಡಿನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಕಾಲಮಿತಿ ಹಾಕಿತು. ನವೆಂಬರ್‌ನಲ್ಲಿ ಐವರ ಪೀಠ, ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ವಿಧಿಸಲಾಗದು ಎಂದಿತು. 1949ರಲ್ಲಿ ಕಾಮತ್ ಉಳಿಸಿಕೊಳ್ಳಿ ಎಂದದ್ದು ಆರು ವಾರವೆಂಬ ಎರಡೇ ಪದಗಳನ್ನು.

356ನೇ ವಿಧಿಯ ಬಗ್ಗೆ ಅಂಬೇಡ್ಕರ್ 1949ರ ಆಗಸ್ಟ್ 4ರಂದು ಆಡಿದ ಮಾತು ಎಲ್ಲರಿಗೂ ಬಾಯಿಪಾಠ: ಇದು ಬಳಕೆಗೆ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಎಂದು ಹಾರೈಸುತ್ತೇನೆ ಎಂಬುದು. ಅದರ ಮುಂದಿನ ಭಾಗವನ್ನು ಯಾರೂ ಉಲ್ಲೇಖಿಸುವುದಿಲ್ಲ. ಬಳಸಲೇಬೇಕಾದರೆ ಮೊದಲು ಪ್ರಾಂತ್ಯಕ್ಕೆ ಎಚ್ಚರಿಕೆ ಕೊಡಬೇಕು, ಅದು ಫಲಿಸದಿದ್ದರೆ ಚುನಾವಣೆ ನಡೆಸಿ ಜನರೇ ತೀರ್ಮಾನಿಸುವಂತೆ ಮಾಡಬೇಕು, ಎರಡೂ ವಿಫಲವಾದ ಮೇಲೆ ಮಾತ್ರ ಈ ವಿಧಿಗೆ ಕೈಹಾಕಬೇಕು ಎಂಬ ಕ್ರಮವನ್ನೇ ಅವರು ಹೇಳಿದ್ದರು. ಹೇಳಿದರು, ವಿಧಿಯಲ್ಲಿ ಬರೆಯಲಿಲ್ಲ. ವಿಧಿ ನೂರಕ್ಕೂ ಹೆಚ್ಚು ಬಾರಿ ಬಳಕೆಯಾಯಿತು.

ಕರ್ನಾಟಕಕ್ಕೆ ಇದರ ಪರಿಚಯ ಚೆನ್ನಾಗಿಯೇ ಇದೆ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳ ಆಧಾರದ ಮೇಲೆ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಅವರಲ್ಲಿ ಏಳು ಜನ ತಮ್ಮ ಪತ್ರದಿಂದ ಹಿಂದೆ ಸರಿದಿದ್ದರು. ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸುತ್ತೇನೆ ಎಂದು ಮುಖ್ಯಮಂತ್ರಿ ಕೇಳಿಕೊಂಡದ್ದಕ್ಕೆ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಅಳೆಯುವ ಜಾಗ ಸದನವೇ ಹೊರತು ರಾಜಭವನವಲ್ಲ, ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ರಾಷ್ಟ್ರಪತಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು ಎಂದು ತೀರ್ಮಾನಿಸಿತು. ಆನಂತರ ಈ ವಿಧಿಯ ಬಳಕೆ ಕಡಿಮೆಯಾಯಿತು. 1949ರಲ್ಲಿ ಬಾಯಿಮಾತಾಗಿ ಉಳಿದದ್ದರಲ್ಲಿ ಒಂದಿಷ್ಟು ಲಿಖಿತ ನಿಯಮವಾಗಲು 45 ವರ್ಷ ಹಿಡಿಯಿತು.

ಮೊದಲು ಹೇಳಿದ ಎರಡರ ಜತೆಗೆ ಮೂರನೆಯ ಬಗೆಯ ರಾಜಿಯೂ ಇದೆ: ಹಕ್ಕುಗಳ ಭಾಗದಲ್ಲಿ ಸೇರಿಸಲಾಗದ್ದನ್ನು ರಾಜ್ಯ ನೀತಿ ನಿರ್ದೇಶಕ ತತ್ವಗಳಿಗೆ ಸಾಗಿಸುವುದು. ಅಲ್ಲಿರುವುದನ್ನು ಜಾರಿ ಮಾಡಿಸಲು ಕೋರ್ಟಿಗೆ ಹೋಗುವಂತಿಲ್ಲ. ಏಕರೂಪ ಸಂಹಿತೆಯನ್ನು 1948ರ ನವೆಂಬರ್ 23ರಂದು, ಗೋರಕ್ಷಣೆಯನ್ನು ಮರುದಿನ ಇಲ್ಲಿ ಸೇರಿಸಿದರು. ಎರಡನ್ನೂ ಇಂದು ಎರಡೂ ಬಣದವರು ಅರ್ಧರ್ಧ ಉಲ್ಲೇಖಿಸುತ್ತಾರೆ. ಸಂಹಿತೆಯಿಂದ ವೈಯಕ್ತಿಕ ಕಾನೂನುಗಳನ್ನು ಹೊರಗಿಡಬೇಕೆಂಬ ಮುಸ್ಲಿಂ ಸದಸ್ಯರ ತಿದ್ದುಪಡಿಗಳು ಬಿದ್ದವು ಎಂಬುದು ಒಂದರ್ಧ. ಮುಂದಿನ ಸಂಸತ್ತು ಇದನ್ನು ಒಪ್ಪುತ್ತೇವೆಂದು ಘೋಷಿಸಿದವರಿಗೆ ಮಾತ್ರ ಮೊದಲು ಅನ್ವಯಿಸಬಹುದು ಎಂದು ಅಂಬೇಡ್ಕರ್ ಅದೇ ದಿನ ಹೇಳಿದ್ದು ಇನ್ನೊಂದರ್ಧ. ಗೋರಕ್ಷಣೆಯನ್ನು ಮೂಲಭೂತ ಹಕ್ಕಿನೊಳಗೆ ಬಯಸಿದವರಿದ್ದರು. ಅದು ಕೃಷಿ ಮತ್ತು ಪಶುಸಂಗೋಪನೆಯ ವೈಜ್ಞಾನಿಕ ಸುಧಾರಣೆಯ ಜತೆಗೆ ಬಂದು ನಿಂತಿತು.

ಪಂಚಾಯಿತಿಯ ಕಥೆ ನಮಗೆ ಹತ್ತಿರದ್ದು. ಕರಡಿನಲ್ಲಿ ಗ್ರಾಮ ಪಂಚಾಯಿತಿಯ ಹೆಸರೇ ಇರಲಿಲ್ಲ. ಹಳ್ಳಿಗಳು ಸಂಕುಚಿತತೆಯ, ಅಜ್ಞಾನದ, ಜಾತೀಯತೆಯ ಗೂಡುಗಳು, ವ್ಯಕ್ತಿಯೇ ಘಟಕವಾಗಿರುವುದು ಸಂತೋಷ ಎಂದು ಅಂಬೇಡ್ಕರ್ ನವೆಂಬರ್ 4ರಂದೇ ಹೇಳಿದ್ದರು. ಹಳ್ಳಿಯ ಕೇರಿಯಲ್ಲಿ ಬದುಕಿದವರ ಅನುಭವ ಆ ಮಾತಿನ ಹಿಂದಿತ್ತು. ಗಾಂಧೀವಾದಿ ಸದಸ್ಯರು ದಿನಗಟ್ಟಲೆ ಟೀಕಿಸಿದರು. ನವೆಂಬರ್ 22ರಂದು ಕೆ. ಸಂತಾನಂ ಪಂಚಾಯಿತಿಗಳ ಬಗ್ಗೆ ಒಂದು ನಿರ್ದೇಶಕ ತತ್ವ ಮಂಡಿಸಿದಾಗ ಅಂಬೇಡ್ಕರ್ ತಕರಾರಿಲ್ಲದೆ ಒಪ್ಪಿದರು. ರಾಜಿ ಆಯಿತು, ಹಣವಿಲ್ಲ, ಅವಧಿಯಿಲ್ಲ, ಚುನಾವಣೆಯ ಕಡ್ಡಾಯವಿಲ್ಲ. ಕರ್ನಾಟಕ 1983ರಲ್ಲಿ ತನ್ನದೇ ಕಾಯ್ದೆ ಮಾಡಿ, ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟು, 1987ರಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆ ನಡೆಸಿತು. ಐದು ವರ್ಷದ ಅವಧಿ, ರಾಜ್ಯ ಚುನಾವಣಾ ಆಯೋಗ, ಹಣಕಾಸು ಆಯೋಗ, ಪರಿಶಿಷ್ಟರಿಗೂ ಮಹಿಳೆಯರಿಗೂ ಮೀಸಲಾತಿ ದೇಶಕ್ಕೆಲ್ಲ ಕಡ್ಡಾಯವಾದದ್ದು 73ನೇ ತಿದ್ದುಪಡಿ ಜಾರಿಯಾದ 1993ರ ಏಪ್ರಿಲ್ 24ರಿಂದ.

ವೀಣೆ, ಸಿತಾರ್ ನಾದ ಬಯಸಿದ್ದೆವು, ಕೇಳಿಬಂದದ್ದು ಇಂಗ್ಲಿಷ್ ಬ್ಯಾಂಡು ಎಂದು ಮೈಸೂರಿನ ಕೆ. ಹನುಮಂತಯ್ಯ 1949ರ ನವೆಂಬರ್ 17ರಂದು ಬೇಸರಪಟ್ಟದ್ದು ಈ ಹಿನ್ನೆಲೆಯಲ್ಲೇ. ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಹಳಷ್ಟು ಬಂದಿದೆ ಎಂಬುದನ್ನು ಅಂಬೇಡ್ಕರ್ ಎಂದೂ ಮುಚ್ಚಿಡಲಿಲ್ಲ. ಆಡಳಿತದ ವಿವರಗಳನ್ನು ಯಾಕೆ ತುಂಬಿದಿರಿ ಎಂಬ ಪ್ರಶ್ನೆಗೆ ಅವರ ಉತ್ತರ: ಸಂವಿಧಾನವನ್ನು ಮುಟ್ಟದೆ ಬರೀ ಆಡಳಿತದ ರೂಪ ಬದಲಿಸಿಯೇ ಅದನ್ನು ಕೆಡಿಸಬಹುದು, ಸಾಂವಿಧಾನಿಕ ನೀತಿ ಇನ್ನೂ ಬೇರೂರದ ದೇಶದಲ್ಲಿ ಅದನ್ನು ಶಾಸನಸಭೆಗೆ ಬಿಡಲಾಗದು. ರಾಜ್ಯಪಾಲರ ವಿಷಯದಲ್ಲೂ ಸಭೆ ಇದೇ ಎಚ್ಚರ ತೋರಿಸಿದ್ದರೆ ಎನಿಸುತ್ತದೆ.

ಮೀಸಲಾತಿಯ ಚರ್ಚೆಯನ್ನು ಪೂರ್ತಿ ಓದಲೇಬೇಕು. 1948ರ ನವೆಂಬರ್ 30ರಂದು ಕರಡಿನ 10ನೇ ವಿಧಿ ಬಂದಾಗ ‘ಹಿಂದುಳಿದ’ ಎಂದರೆ ಯಾರು ಎಂದು ಉತ್ತರ ಭಾರತದ ಸದಸ್ಯರು ಕೇಳಿದರು. ದಕ್ಷಿಣದಲ್ಲಿ ಆ ಮಾತು ಆಗಲೇ ಆಡಳಿತದಲ್ಲಿ ಬಳಕೆಯಲ್ಲಿತ್ತು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಮೈಸೂರು ಸಂಸ್ಥಾನ 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿತ್ತು. ಮೈಸೂರಿನ ಟಿ. ಚನ್ನಯ್ಯ ಎದ್ದು ದಕ್ಷಿಣದ ಅರ್ಥವನ್ನು ವಿವರಿಸಿದರು. ಇದು ವಕೀಲರಿಗೆ ಸ್ವರ್ಗ ಎಂದು ಕೃಷ್ಣಮಾಚಾರಿ ಚುಚ್ಚಿದರು. ಚರ್ಚೆಗೆ ಉತ್ತರಿಸುತ್ತ ಅಂಬೇಡ್ಕರ್ ಎರಡು ಬೇಡಿಕೆಗಳನ್ನು ಜೋಡಿಸಿದರು: ಎಲ್ಲರಿಗೂ ಸಮಾನ ಅವಕಾಶ, ಮತ್ತು ಇಲ್ಲಿಯವರೆಗೆ ಆಡಳಿತದ ಹೊರಗೇ ಉಳಿದವರಿಗೆ ಪ್ರವೇಶ. ಎರಡೂ ಒಟ್ಟಿಗೆ ನಿಲ್ಲಬೇಕಾದರೆ ಮೀಸಲು ಸ್ಥಾನಗಳು ಅಲ್ಪಪಾಲಿಗೆ ಸೀಮಿತವಾಗಬೇಕು, ಯಾರು ಹಿಂದುಳಿದವರು ಎಂದು ಆಯಾ ಸರ್ಕಾರ ನಿರ್ಧರಿಸಲಿ, ಅತಿಯಾದರೆ ಕೋರ್ಟು ನೋಡಲಿ ಎಂದರು. ಶೇಕಡಾ ಎಷ್ಟು ಎಂಬ ಸಂಖ್ಯೆ ವಿಧಿಗೆ ಬರಲಿಲ್ಲ. ಆ ಸಂಖ್ಯೆ ಬಂದದ್ದು ನಮ್ಮ ರಾಜ್ಯದ ಪ್ರಕರಣದಿಂದಲೇ: ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ಶೇ 68ರಷ್ಟು ಮೀಸಲಿಟ್ಟ ಮೈಸೂರು ಸರ್ಕಾರದ ಆದೇಶವನ್ನು 1962ರ ಬಾಲಾಜಿ ತೀರ್ಪು ರದ್ದುಪಡಿಸಿ, ಸಾಮಾನ್ಯವಾಗಿ ಶೇ 50 ಮೀರಬಾರದು ಎಂದಿತು. 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನು ಗಟ್ಟಿಗೊಳಿಸಿತು. ಶೇ 50ರ ಮಿತಿ ಸಂವಿಧಾನದಲ್ಲೇ ಬರೆದಿದೆ ಎಂದು ಅಚ್ಚಾಗುವ ವಾಕ್ಯ ತಪ್ಪು. ಸಂವಿಧಾನ ಸಭೆಗೂ ಅದಕ್ಕೂ ಸಂಬಂಧವೇ ಇಲ್ಲ ಎನ್ನುವುದೂ ತಪ್ಪು.

ಗಡುವು ಹಾಕಿ ಮಾಡಿದ ರಾಜಿಗಳು ಹೇಗೆ ನಡೆದವು? ಭಾಷೆಯ ಚರ್ಚೆ 1949ರ ಸೆಪ್ಟೆಂಬರ್ 12ರಿಂದ 14ರವರೆಗೆ. ಕೆ.ಎಂ. ಮುನ್ಷಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ರೂಪಿಸಿದ ಸೂತ್ರದಂತೆ ಕೇಂದ್ರದ ಆಡಳಿತಕ್ಕೆ ದೇವನಾಗರಿ ಲಿಪಿಯ ಹಿಂದಿ, 15 ವರ್ಷ ಇಂಗ್ಲಿಷ್ ಮುಂದುವರಿಕೆ, ಆನಂತರವೂ ಬೇಕಾದರೆ ಸಂಸತ್ತು ಕಾನೂನು ಮಾಡಿ ಇಂಗ್ಲಿಷ್ ಉಳಿಸಬಹುದು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳಲ್ಲಿ ಇಂಗ್ಲಿಷ್. ಎಲ್ಲಕ್ಕಿಂತ ಬಿಸಿಯೇರಿದ್ದು ಅಂಕಿಗಳ ಮೇಲೆ. ದೇವನಾಗರಿ ಅಂಕಿಗಳೇ ಬೇಕೆಂದು ಪುರುಷೋತ್ತಮದಾಸ್ ಟಂಡನ್ ಪಟ್ಟು ಹಿಡಿದರು; ದಕ್ಷಿಣದವರು 1, 2, 3 ಎಂದು ಬರೆಯುವ ಅಂಕಿಗಳನ್ನು ಬಿಡಲು ಒಪ್ಪಲಿಲ್ಲ. ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂಬ ಹೆಸರಿನಲ್ಲಿ ಇವೇ ಉಳಿದವು. ಕನ್ನಡವೂ ಸೇರಿ 14 ಭಾಷೆಗಳು ಎಂಟನೇ ಅನುಸೂಚಿಗೆ ಬಂದವು. 1965ರ ಜನವರಿ 26ರ ಗಡುವು ಹತ್ತಿರವಾದಂತೆ ಸಂಸತ್ತು ಸುಮ್ಮನೆ ಕೂರುವಂತಿರಲಿಲ್ಲ. 1963ರಲ್ಲಿ ಅಧಿಕೃತ ಭಾಷಾ ಕಾಯ್ದೆ ಮಾಡಿತು, 1965ರ ಹಿಂದಿ ವಿರೋಧಿ ಚಳವಳಿಯ ನಂತರ 1967ರಲ್ಲಿ ಅದನ್ನು ತಿದ್ದಿತು. ಆ ದಾರಿಯನ್ನು ಸಂವಿಧಾನವೇ ತೆರೆದಿಟ್ಟಿತ್ತು.

ಲೋಕಸಭೆ, ವಿಧಾನಸಭೆಗಳಲ್ಲಿ ಪರಿಶಿಷ್ಟರ ಮೀಸಲು ಸ್ಥಾನಕ್ಕೂ ಹತ್ತು ವರ್ಷದ ಗಡುವಿತ್ತು. ಸಂಸತ್ತು ಅದನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಬಂದಿದೆ. 104ನೇ ತಿದ್ದುಪಡಿಯಿಂದ ಈಗ 2030ರವರೆಗೆ ಇದೆ. ಅದೇ ತಿದ್ದುಪಡಿ ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನವನ್ನು ವಿಸ್ತರಿಸದೆ ಬಿಟ್ಟಿತು. ಗಡುವು ವಿಸ್ತರಣೆಯಾದದ್ದನ್ನು ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರತಿ ಹತ್ತು ವರ್ಷಕ್ಕೊಮ್ಮೆ ಸಂಸತ್ತು ಇದನ್ನು ಕಣ್ಣಿಟ್ಟು ನೋಡಲೇಬೇಕು ಎಂಬುದೇ ಗಡುವಿನ ಕೆಲಸ. ದೂರುವುದಾದರೆ, ಆ ಚರ್ಚೆ ಈಗ ತೀರಾ ಚುಟುಕಾಗಿ ಮುಗಿಯುತ್ತಿರುವುದನ್ನು ದೂರಬೇಕು.

ರಾಜಿಗೆ ಒಳಪಡದ ಸಂಗತಿಗಳೂ ಇದ್ದವು. ವಯಸ್ಕರೆಲ್ಲರಿಗೂ ಮತ ಎಂಬುದನ್ನು ಆಸ್ತಿ, ಅಕ್ಷರದ ಶರತ್ತಿಲ್ಲದೆ ಒಪ್ಪಿದರು. ಸಂವಿಧಾನ ಜಾರಿಗೆ ಬರುವ ಮೊದಲೇ ಮತದಾರರ ಪಟ್ಟಿಯ ಕೆಲಸ ಶುರುವಾಗಿತ್ತು. ಅಸ್ಪೃಶ್ಯತೆ ನಿಷೇಧದ ವಿಧಿ 1948ರ ನವೆಂಬರ್ 29ರಂದು ಒಂದೇ ದಿನದಲ್ಲಿ ಅಂಗೀಕಾರವಾಯಿತು.

ಕೊನೆಯದಾಗಿ ಒಂದು ಕಾರ್ಯಸಾಧ್ಯ ಸಲಹೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಸಂವಿಧಾನದ ಪೀಠಿಕೆ ಓದುತ್ತಿದ್ದಾರೆ, ಒಳ್ಳೆಯದೇ. ಪ್ರೌಢಶಾಲೆ, ಪಿಯು ವಿದ್ಯಾರ್ಥಿಗಳಿಗಾಗಿ ಪತ್ರಿಕೆ ವಾರಕ್ಕೆ ಒಂದು ಪುಟದಂತೆ ಐದು ಚರ್ಚೆಗಳನ್ನು ಕನ್ನಡದಲ್ಲಿ ಕೊಡಲಿ: 1948ರ ನವೆಂಬರ್ 22 ಪಂಚಾಯಿತಿ, ನವೆಂಬರ್ 30 ಮೀಸಲಾತಿ, ಡಿಸೆಂಬರ್ 6 ಮತ್ತು 13 ವೈಯಕ್ತಿಕ ಸ್ವಾತಂತ್ರ್ಯ, 1949ರ ಮೇ 30–31 ರಾಜ್ಯಪಾಲರು, ಸೆಪ್ಟೆಂಬರ್ 12–14 ಭಾಷೆ. ಪುಟದ ಮೇಲ್ಭಾಗದಲ್ಲಿ ಕರಡಿನ ವಿಧಿ, ಕೆಳಗೆ ಮುಖ್ಯ ತಿದ್ದುಪಡಿಗಳು, ಪರ–ವಿರೋಧದ ತಲಾ ಎರಡು ಭಾಷಣಗಳ ಭಾಗ, ಅಂಬೇಡ್ಕರರ ಉತ್ತರ, ಫಲಿತಾಂಶ, ಈಗಿನ ವಿಧಿ. ಸಂಕ್ಷೇಪಿಸುವಾಗ ಸೋತವರ ಭಾಷಣವೇ ಮೊದಲು ಕತ್ತರಿಗೆ ಸಿಗುತ್ತದೆ, ಅದನ್ನು ಕಡಿಯಬೇಡಿ. ಸದಸ್ಯರು ನಡುವೆ ಬಾಯಿ ಹಾಕಿದ್ದನ್ನೂ ಉಳಿಸಿ, ಅನುಮಾನ ಎಲ್ಲಿತ್ತು ಎಂಬುದು ಗೊತ್ತಾಗುವುದೇ ಅಲ್ಲಿ. ಮುಂದಿನ ನವೆಂಬರ್ 26ಕ್ಕೆ ಐದು ವಾರ ಮೊದಲು ಆರಂಭಿಸಿದರೆ ಐದೂ ಪುಟ ಆ ದಿನದೊಳಗೆ ಮುಗಿಯುತ್ತವೆ.

ಇಂತಿ,
ಸಂವಿಧಾನ ಕಾನೂನಿನ ಅಧ್ಯಾಪಕ, ಧಾರವಾಡ